ಬಳ್ಳಾರಿ ಶೆಡ್‌ನಲ್ಲಿ ಟ್ರಾವೆಲರ್‌ ಒಳಗೆ ಮನೆ ಮಾಡಿಸಬೇಕು, ಮುಂಗಡ ಕೊಡಬಹುದಾ?

ಸಿಂಧನೂರು ಮೇಷ್ಟ್ರು:
ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಹೋದ ವರ್ಷ ಇಂಗ್ಲೆಂಡಿನಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಹೆರಿಫರ್ಡ್‌ಶೈರ್ ಕಡೆ ಒಂದು ಹಳ್ಳಿ. ಅವನು ಹಳೇ ಫೋರ್ಡ್ ಟ್ರಾನ್ಸಿಟ್ ವ್ಯಾನ್ ತಗೊಂಡು, ಊರಾಚೆಯ ವರ್ಕ್‌ಶಾಪಿನಲ್ಲಿ ಮಲಗುವ ಗಾಡಿ ಮಾಡಿಸಿದ್ದಾನೆ. ಕುರಿ ಕೊಟ್ಟಿಗೆ ಪಕ್ಕದ ಶೆಡ್, ಇಬ್ಬರೇ ಕೆಲಸಗಾರರು. ಆರು ವಾರ ಅಂದವರು ಐದು ತಿಂಗಳು ಎಳೆದರು. ಆದರೂ ಹೊರಗೆ ಮಳೆ ಸುರಿಯುವಾಗ ಅದರೊಳಗೆ ಕೂತು ಚಹಾ ಕುಡಿದೆವಲ್ಲ, ಅವತ್ತೇ ನನ್ನ ಹೆಂಡತಿ, "ಇಂಥದ್ದಿದ್ದರೆ ಇಟಗಿ, ಮುದಗಲ್ಲು ನಿಧಾನಕ್ಕೆ ನೋಡಬಹುದಿತ್ತು" ಅಂದಳು. ಅವಳಿಗೆ ಮೊಣಕಾಲು ನೋವು. ಒಂದೇ ದಿನಕ್ಕೆ ಹೋಗಿ ಬರೋದು ಆಗಲ್ಲ.

ಈಗ ಸೆಕೆಂಡ್ ಹ್ಯಾಂಡ್ ಫೋರ್ಸ್ ಟ್ರಾವೆಲರ್ ಒಂದು ನೋಡಿದ್ದೇನೆ. ಬಳ್ಳಾರಿಯಲ್ಲಿ ಲಾರಿ ಬಾಡಿ ಕಟ್ಟುವ ಮೇಸ್ತ್ರಿ "ಮಾಡೋಣ ಬಿಡ್ರಿ ಸರ್" ಅಂದರು. ನಾಲ್ಕು ಜನಕ್ಕೆ ಹಾಸಿಗೆ, ಗ್ಯಾಸ್ ಒಲೆ, ನೂರು ಲೀಟರ್ ನೀರು, ಒಂದು ಟನ್ ಏಸಿ. ಅರ್ಧ ದುಡ್ಡು ಮೊದಲೇ ಬೇಕಂತೆ. ಆರ್‌ಸಿ ಮಾತು ಎತ್ತಿದರೆ ನಗುತ್ತಾರೆ. ಕೊಡಲಾ, ಬೇಡವಾ?

ಕೊಪ್ಪಳ ಕೆಎ37:
ಸರ್, ಅವರು ನಗಲಿ, ದಂಡ ಕಟ್ಟೋರು ನೀವು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಇದೆ. ಕಂಪನಿ ಕೊಟ್ಟ, ಆರ್‌ಸಿಯಲ್ಲಿ ಬರೆದ ವಿವರಕ್ಕೆ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ. ಮೋಟಾರ್ ಕ್ಯಾರವಾನ್‌ಗೆ, ಅಂದರೆ ಇಂಥ ಮಲಗುವ ಗಾಡಿಗೆ, ಎಐಎಸ್-124 ಅಂತ ಬೇರೆ ಮಾನದಂಡವೇ ಇದೆ. ಗಾಡಿ ಯಾವ ಆರ್‌ಟಿಓದಲ್ಲಿ ನೋಂದಣಿ ಆಗಿದೆಯೋ ಅಲ್ಲಿ ಮೊದಲು ಅರ್ಜಿ ಹಾಕಿ, ಉತ್ತರ ಕಾಗದದಲ್ಲಿ ಬರಲಿ. ಅಲ್ಲಿಯವರೆಗೆ ಒಂದು ಸೀಟೂ ಕೀಳಿಸಬೇಡಿ. ನಾಳೆ ಏನಾದರೂ ಆದರೆ ಇನ್ಶೂರೆನ್ಸಿನವರು ಮೊದಲು ನೋಡೋದು ಆರ್‌ಸಿಯನ್ನೇ.

ತೋರಣಗಲ್ಲು ವೈರ್‌ಮನ್:
ಏಸಿ ಕೈಬಿಡಿ ಮೇಷ್ಟ್ರೇ. 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರೋದೇ ಒಂದು ಯೂನಿಟ್‌ಗಿಂತ ಚೂರು ಜಾಸ್ತಿ ಕರೆಂಟು. ಒಂದು ಟನ್ ಏಸಿ ಗಂಟೆಗೆ ಹೆಚ್ಚುಕಡಿಮೆ ಒಂದು ಯೂನಿಟ್ ತಿನ್ನುತ್ತದೆ. ಮಲಗಿ ಕಣ್ಣು ಹತ್ತುವಷ್ಟರಲ್ಲಿ ಖಾಲಿ! ಅದೇ ಬ್ಯಾಟರಿಯಲ್ಲಿ 30 ವಾಟಿನ ಫ್ಯಾನು ರಾತ್ರಿಯಿಡೀ ತಿರುಗುತ್ತದೆ. ಏಸಿ ದುಡ್ಡನ್ನು ಚಾವಣಿಗೆ ಹಾಕಿ, ತಗಡಿಗೂ ಪ್ಲೈವುಡ್ಡಿಗೂ ನಡುವೆ ದಪ್ಪನೆಯ ಫೋಮ್ ಶೀಟ್ ಕೂರಿಸಿ. ನಮ್ಮ ಮೇ ತಿಂಗಳಲ್ಲಂತೂ ಯಾವುದೂ ಸಾಲಲ್ಲ, ಆಗ ಮನೆಯಲ್ಲೇ ಇರಿ.

ಬಳ್ಳಾರಿ ಹುಡುಗಿ, ಈಗ ಡೆವನ್:
ಮೇಷ್ಟ್ರೇ, ನಾವೂ ಇಲ್ಲಿ ಇಂಗ್ಲೆಂಡಿನ ಹಳ್ಳಿ ವರ್ಕ್‌ಶಾಪಿನಲ್ಲಿ ಒಂದು ಮಾಡಿಸಿದ್ದೇವೆ. ಕಾಗದದ ತಲೆನೋವು ಇಲ್ಲೂ ಇದೆ. ಲಾಗ್‌ಬುಕ್ಕಿನಲ್ಲಿ (ನಮ್ಮ ಆರ್‌ಸಿ ಇದ್ದ ಹಾಗೆ) 'ಮೋಟಾರ್ ಕ್ಯಾರವಾನ್' ಅಂತ ಬರೆಸಬೇಕು ಅಂದರೆ ಒಳಗೆ ಹಾಸಿಗೆ, ಒಲೆ ಇದ್ದರೆ ಮುಗಿಯಲ್ಲ. ಹೊರಗಿನಿಂದಲೂ ಹಾಗೆ ಕಾಣಬೇಕು. ಒಂದು ಬದಿಗಾದರೂ ಎರಡು ಕಿಟಕಿ, ಪಕ್ಕಗಳ ಮೇಲೆ ಚಿತ್ರದ ಸ್ಟಿಕ್ಕರ್, ಹೀಗೆ. ನಮ್ಮದು ಇನ್ನೂ 'ಕಿಟಕಿ ಇರುವ ವ್ಯಾನ್' ಆಗಿಯೇ ಉಳಿದಿದೆ.

ಅರ್ಧ ದುಡ್ಡು ಮಾತ್ರ ಕೊಡಬೇಡಿ. ನಾವು ಕೊಟ್ಟು ಕೆಟ್ಟೆವು. ನಮ್ಮ ದುಡ್ಡಲ್ಲಿ ಬೇರೆಯವರ ವ್ಯಾನ್ ಮುಗಿಸಿದರು. ಸಾಮಾನು ತಂದಾಗ ಒಂದಿಷ್ಟು, ವೈರಿಂಗ್ ತೋರಿಸಿದ ಮೇಲೆ ಒಂದಿಷ್ಟು ಕೊಡಿ. ವೈರಿಂಗ್ ಮೇಲೆ ಪ್ಲೈವುಡ್ ಮುಚ್ಚುವ ಮುಂಚೆ ಫೋಟೋ ತೆಗೆದಿಟ್ಟುಕೊಳ್ಳಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಸಿಲಿಂಡರ್ ಪೆಟ್ಟಿಗೆಯ ತಳದಲ್ಲಿ ಗಾಡಿಯ ಹೊರಕ್ಕೆ ತೂತು ಇರಲೇಬೇಕು. ನೂರು ಲೀಟರ್ ನೀರು ಅಂದರೆ ನೂರು ಕೆಜಿ, ಅದನ್ನು ಹಿಂದಿನ ಚಕ್ರದ ಆಚೆ ಇಡಿಸಬೇಡಿ. ಎಲ್ಲ ಮುಗಿದ ಮೇಲೆ ತೂಕ ಹಾಕಿಸಿ. ಬಳ್ಳಾರಿಯಲ್ಲಿ ವೇಬ್ರಿಡ್ಜಿಗೇನು ಬರವೇ?

ಸಿಂಧನೂರು ಮೇಷ್ಟ್ರು:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಶೆಡ್ಡಿಗೆ ಹೋಗಿ ಬಂದೆವು. ಏಸಿ ಬಿಟ್ಟೆ. ಮುಂಗಡದ ಮಾತಿಗೆ ಮೇಸ್ತ್ರಿ ಮುಖ ಸಣ್ಣದು ಮಾಡಿಕೊಂಡರು, ಆಮೇಲೆ ನಾಲ್ಕು ಕಂತಿಗೆ ಒಪ್ಪಿದರು. ಆರ್‌ಟಿಓ ಕಾಗದ ಬರುವವರೆಗೆ ಒಂದು ರೂಪಾಯಿಯೂ ಇಲ್ಲ ಅಂದೆ. ಮನುಷ್ಯ ಒಳ್ಳೆಯವರೇ. ಚಾಕ್‌ಪೀಸ್ ತಗೊಂಡು ನೆಲದ ಮೇಲೆ ಗಾಡಿಯ ಅಳತೆ ಬರೆದು "ಮಲಗಿ ನೋಡ್ರಿ" ಅಂದರು. ಅಡ್ಡಕ್ಕೆ ಮಲಗಿದೆ, ನನ್ನ ಕಾಲು ಗೀಟಿನಾಚೆ. ಹೆಂಡತಿ ನಕ್ಕು ನಕ್ಕು ಸುಸ್ತಾದಳು. ಹಾಗಾಗಿ ಹಾಸಿಗೆ ಉದ್ದಕ್ಕೆ ಬರುತ್ತದೆ, ಅದೂ ಎರಡೇ. ಮಗ, ಸೊಸೆ ಬಂದರೆ ಡೇರೆ ಹಾಕಿಕೊಳ್ಳಲಿ.