ಮೂರನೇ ಮೇಷ್ಟ್ರು

ಮೈಸೂರಿಗೆ ಮರಳುವುದೋ, ಶಿಕಾಗೊದಲ್ಲೇ ನೆಲೆಸುವುದೋ ಎಂಬ ಮಾತು ನಮ್ಮ ಗುಂಪಿನಲ್ಲಿ ಎದ್ದಾಗಲೆಲ್ಲ ಅದು ಮಕ್ಕಳ ಶಾಲೆಗೆ ಬಂದು ನಿಲ್ಲುತ್ತದೆ, ಅಲ್ಲಿಂದ ಶಿಕ್ಷಕರ ಸಂಘಗಳತ್ತ ತಿರುಗುತ್ತದೆ. ಸರ್ಕಾರಿ ಶಾಲೆಗಳನ್ನು ಕೆಡಿಸಿದ್ದೇ ಸಂಘಗಳು, ಪೈಪೋಟಿ ಹೆಚ್ಚಿದರೆ ಅವು ತಾವಾಗಿಯೇ ಸುಧಾರಿಸುತ್ತವೆ ಎಂದು ಹಿರಿಯರೊಬ್ಬರು ಮೊನ್ನೆ ಬರೆದರು. ಪೈಪೋಟಿಯಿಂದ ಒಂದು ಶಾಲೆ ಏನಾಗುತ್ತದೆ ಎಂಬುದನ್ನು ಮದ್ದೂರು ತಾಲ್ಲೂಕಿನ ನಮ್ಮೂರಿನಲ್ಲಿ ಕಣ್ಣಾರೆ ಕಂಡಿರುವುದರಿಂದ, ಅವರ ಮೇಲಿನ ಗೌರವಕ್ಕೆ ಕುಂದಿಲ್ಲದಂತೆ ನನ್ನ ತಕರಾರನ್ನು ಬರೆಯುತ್ತಿದ್ದೇನೆ.

ನನ್ನ ಅತ್ತಿಗೆ ಅಲ್ಲಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಅವರು ಕೆಲಸಕ್ಕೆ ಸೇರಿದಾಗ ನೂರಕ್ಕೂ ಹೆಚ್ಚು ಮಕ್ಕಳೂ ನಾಲ್ವರು ಶಿಕ್ಷಕರೂ ಇದ್ದರು. ಈಗ ಬೆಳಿಗ್ಗೆ ಎಂಟು ಗಂಟೆಗೆ ಅರಳೀಕಟ್ಟೆಯ ಬಳಿ ಮೂರು ಕಾನ್ವೆಂಟುಗಳ ವ್ಯಾನುಗಳು ಒಂದರ ಹಿಂದೊಂದು ಬಂದು ನಿಲ್ಲುತ್ತವೆ. ಟೈ ಕಟ್ಟಿದ ಮಕ್ಕಳು ಹತ್ತಿ ಹೋದ ಮೇಲೆ ಅತ್ತಿಗೆಯ ಶಾಲೆಗೆ ಉಳಿಯುವವರು 38 ಮಕ್ಕಳು. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61 ಆದರೆ ಮೂವರು. ಹಾಗಾಗಿ ಮಕ್ಕಳು ಕಡಿಮೆಯಾದಂತೆಲ್ಲ ಶಿಕ್ಷಕರು ‘ಹೆಚ್ಚುವರಿ’ ಪಟ್ಟಿಗೆ ಸೇರಿ ಬೇರೆಡೆಗೆ ಹೋದರು, ಐದು ತರಗತಿಗಳು ಇಬ್ಬರ ಪಾಲಾದವು. ಅವರಲ್ಲೊಬ್ಬರು ತರಬೇತಿಗೋ ಚುನಾವಣಾ ಕೆಲಸಕ್ಕೋ ಹೋದ ದಿನ ಒಂದರಿಂದ ಐದರವರೆಗೆ ಎಲ್ಲ ಮಕ್ಕಳೂ ಒಂದೇ ಕೋಣೆಯಲ್ಲಿ. ಶುಲ್ಕ ಕಟ್ಟಬಲ್ಲ, ಶಾಲಾಭಿವೃದ್ಧಿ ಸಮಿತಿಯಲ್ಲಿ ಎದ್ದು ನಿಂತು ಕೇಳಬಲ್ಲ ಪೋಷಕರು ವ್ಯಾನಿನ ಜೊತೆಗೇ ಹೊರಟುಹೋದ ಮೇಲೆ, ಇದನ್ನು ಯಾರು ಯಾರನ್ನು ಕೇಳಬೇಕು?

ಇದು ನಮ್ಮೂರೊಂದರ ಕಥೆಯಲ್ಲ. ಆಂಧ್ರಪ್ರದೇಶದ ಹಳ್ಳಿಗಳಲ್ಲಿ ಲಾಟರಿ ಎತ್ತಿ ಮಕ್ಕಳಿಗೆ ಖಾಸಗಿ ಶಾಲೆಯ ಶುಲ್ಕ ಭರಿಸುವ ವೋಚರ್ ಕೊಟ್ಟು ನಾಲ್ಕು ವರ್ಷ ನಡೆಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಖಾಸಗಿಗೆ ಹೋದ ಮಕ್ಕಳು ತೆಲುಗಿನಲ್ಲಿಯೂ ಗಣಿತದಲ್ಲಿಯೂ ಮುಂದೆ ಹೋಗಲಿಲ್ಲ. ಹಿಂದಿಯಲ್ಲಿ ಮಾತ್ರ ಮುಂದಿದ್ದರು. ಸರ್ಕಾರಿ ಶಾಲೆಯಲ್ಲೇ ಉಳಿದವರ ಕಲಿಕೆ ಆ ಪೈಪೋಟಿಯಿಂದ ಏರಲೂ ಇಲ್ಲ, ಇಳಿಯಲೂ ಇಲ್ಲ. ಆದರೆ ಖಾಸಗಿ ಶಾಲೆಗಳು ಇದನ್ನೆಲ್ಲ ಸರ್ಕಾರಿ ಶಾಲೆಯ ವೆಚ್ಚದ ಮೂರನೆಯ ಒಂದು ಭಾಗದಷ್ಟರಲ್ಲಿ ಮಾಡಿದ್ದವು ಎಂಬುದನ್ನೂ ಹೇಳದಿದ್ದರೆ ತಪ್ಪಾದೀತು.

ಸಂಘಗಳ ವಿಷಯದಲ್ಲಿ ನನ್ನ ಅಭಿಪ್ರಾಯ ನಿಧಾನವಾಗಿ ಬದಲಾಯಿತು. 2019ರಲ್ಲಿ ಶಿಕಾಗೊ ಶಿಕ್ಷಕರ ಮುಷ್ಕರದಿಂದ 11 ದಿನ ಶಾಲೆ ನಡೆಯದೆ ಮಗಳು ಮನೆಯಲ್ಲೇ ಉಳಿದಾಗ, ಅವರನ್ನು ಬೈದವರಲ್ಲಿ ನಾನೂ ಒಬ್ಬ. ಆಮೇಲೆ ನೋಡಿದರೆ ಅವರ ಬೇಡಿಕೆಗಳಲ್ಲಿ ಸಂಬಳದ ಜೊತೆಗೆ ಪ್ರತಿ ಶಾಲೆಗೊಬ್ಬ ದಾದಿ, ಒಬ್ಬ ಸಮಾಜ ಕಾರ್ಯಕರ್ತರು, ತರಗತಿಯಲ್ಲಿ ಮಕ್ಕಳ ಸಂಖ್ಯೆಗೆ ಮಿತಿ ಇವೆಲ್ಲ ಇದ್ದವು; ಒಪ್ಪಂದದಲ್ಲಿಯೂ ಸೇರಿದವು. ಸಂಘದ ಬಲವೇ ಶಾಲೆಯನ್ನು ಕೆಡಿಸುವುದಾಗಿದ್ದರೆ, ಸಂಘಗಳು ಗಟ್ಟಿಯಾಗಿರುವ ಮ್ಯಾಸಚೂಸೆಟ್ಸ್ ರಾಜ್ಯದ ಮಕ್ಕಳು ಅಮೆರಿಕದ ರಾಷ್ಟ್ರೀಯ ಪರೀಕ್ಷೆಗಳಲ್ಲಿ ಮುಂದಿನ ಸಾಲಿನಲ್ಲಿ ಇರುತ್ತಿರಲಿಲ್ಲ.

ವ್ಯತ್ಯಾಸವಿರುವುದು ಸಂಘ ಯಾರ ಎದುರು ಕೂತು ಮಾತಾಡುತ್ತದೆ ಎಂಬುದರಲ್ಲಿ. ಅಮೆರಿಕದಲ್ಲಿ ಒಪ್ಪಂದ ನಡೆಯುವುದು ಸ್ಥಳೀಯ ಶಾಲಾ ಮಂಡಳಿಯೊಂದಿಗೆ. ಹೆಚ್ಚಿನ ಕಡೆ ಆ ಮಂಡಳಿಯನ್ನು ಅಲ್ಲಿನ ಮತದಾರರೇ ಆರಿಸುತ್ತಾರೆ. ನಮ್ಮಲ್ಲಿ ಸಂಬಳವೂ ವರ್ಗಾವಣೆಯೂ ಬೆಂಗಳೂರಿನಲ್ಲಿ ತೀರ್ಮಾನವಾಗುವುದರಿಂದ ಸಂಘದ ಮುಖವೆಲ್ಲ ವಿಧಾನಸೌಧದ ಕಡೆಗೆ. 2023ರ ಮಾರ್ಚ್ 1ರಂದು ಶಿಕ್ಷಕರೂ ಸೇರಿ ರಾಜ್ಯದ ಸರ್ಕಾರಿ ನೌಕರರು ಕೆಲಸಕ್ಕೆ ಹೋಗದೆ ಕುಳಿತಾಗ ಅದೇ ದಿನ ಮೂಲ ವೇತನದ ಶೇ. 17ರಷ್ಟು ಮಧ್ಯಂತರ ಪರಿಹಾರ ಘೋಷಣೆಯಾಯಿತು, ಬಲವೆಂದರೆ ಅದು. ಅದೇ ಬಲವನ್ನು ಇಬ್ಬರೇ ಇರುವ ಶಾಲೆಗೆ ಮೂರನೆಯವರನ್ನು ತರಲು ಬಳಸಿದ್ದನ್ನು ತಾನು ನೋಡಿಲ್ಲ ಎನ್ನುತ್ತಾರೆ ಅತ್ತಿಗೆ, ಅವರೂ ಸಂಘದ ಸದಸ್ಯೆಯೇ. ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನ ಸೇರಿ ವಿಧಾನ ಪರಿಷತ್ತಿಗೆ ಶಿಕ್ಷಕರ ಕ್ಷೇತ್ರವೊಂದಿದೆಯಲ್ಲ, ಅದರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಮತವೇ ಇಲ್ಲ. ಸಂವಿಧಾನದ 171ನೇ ವಿಧಿ ಅದನ್ನು ಪ್ರೌಢಶಾಲೆ ಮತ್ತು ಅದಕ್ಕೂ ಮೇಲಿನವರಿಗೆ ಇಟ್ಟಿದೆ.

ಶಿಕ್ಷಕರು ಒಟ್ಟಾಗಿ ಕಲಿಕೆಯನ್ನೇ ಹಿಡಿದು ಕೂತದ್ದೂ ನಮ್ಮ ಕಡೆಯೇ ಉಂಟು. ಇಂದು ರಾಜ್ಯದ ಸರ್ಕಾರಿ ಶಾಲೆಗಳಲ್ಲೆಲ್ಲ ಹರಡಿರುವ, ಚಿಕ್ಕ ತರಗತಿಯ ಮಕ್ಕಳಿಗೆ ಕಾರ್ಡುಗಳ ಮೂಲಕ ಚಟುವಟಿಕೆಯಿಂದ ಕಲಿಸುವ ನಲಿಕಲಿ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಯಿತು. ಅದರ ಕಾರ್ಡುಗಳನ್ನು ರೂಪಿಸಿದವರು ಅಲ್ಲಿನ ಶಿಕ್ಷಕರೇ. ಯಾವ ಪೈಪೋಟಿಯೂ ಅವರನ್ನು ಅಟ್ಟಿಸಿಕೊಂಡು ಬಂದಿರಲಿಲ್ಲ.

ಇಷ್ಟು ಬರೆದೂ, ನಾನು ಮೈಸೂರಿಗೆ ಮರಳಿದರೆ ಮಗಳನ್ನು ರಿಂಗ್ ರಸ್ತೆಯ ಯಾವುದೋ ಖಾಸಗಿ ಶಾಲೆಗೇ ಸೇರಿಸುವವನು. ಅತ್ತಿಗೆಯ ಮಗಳೂ ಅದೇ ವ್ಯಾನು ಹತ್ತುತ್ತಾಳೆ. ಹಿಂಜರಿಯುತ್ತಲೇ ಅದನ್ನು ಕೇಳಿದ್ದಕ್ಕೆ ಅವರು ಹಾಜರಿ ಪುಸ್ತಕ ಮುಚ್ಚುತ್ತಾ, "ಮೂರನೇ ಮೇಷ್ಟ್ರು ಬರ್ಲಿ ಕಣಪ್ಪ, ಆವತ್ತೇ ವ್ಯಾನ್ ಬಿಡಿಸ್ತೀನಿ" ಎಂದರು. ಮೂರನೆಯವರು ಬರಬೇಕಾದರೆ ಇನ್ನೂ 23 ಮಕ್ಕಳು ಬೇಕು.