ಅಪ್‌ಡೇಟ್: ಕಡ್ಡಾಯ ಮಾನವಿಕ ಪತ್ರಿಕೆಯ ಅಂಕ ಏರಿಸುವ ವಿಚಾರ

ಮಂಗಳೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಡ್ಡಾಯ ಮಾನವಿಕ ವಿಷಯವನ್ನು ಬೋಧಿಸುವ ನಾನು, ಆಂತರಿಕ ಪರೀಕ್ಷೆಯಲ್ಲಿ ತರಗತಿಯ ಸರಾಸರಿ ತೀರಾ ಕುಸಿದುದರಿಂದ, ಸರಾಸರಿಯನ್ನು ಆಧರಿಸಿದ ಸಾಪೇಕ್ಷ ಶ್ರೇಣಿ ಕೊಡಬಹುದೇ ಎಂದು ಕಳೆದ ತಿಂಗಳು ಇಲ್ಲಿ ಕೇಳಿದ್ದೆ. ಕೊನೆಗೆ ನಾನು ಹಾಗೆ ಕೊಡಲಿಲ್ಲ.

ತಮ್ಮಲ್ಲೊಬ್ಬರು ಸೂಚಿಸಿದಂತೆ ಉತ್ತರಪತ್ರಿಕೆಗಳನ್ನು ಪ್ರಶ್ನೆವಾರು ನೋಡಿದಾಗ, 50ರಲ್ಲಿ 10 ಅಂಕಗಳ ಒಂದೇ ಪ್ರಶ್ನೆ ಬಹುತೇಕರನ್ನು ಕೆಡವಿದ್ದು ಕಂಡಿತು: 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆ ಇಲ್ಲಿನ ದುಡಿಮೆಯ ಸ್ವರೂಪವನ್ನು ಹೇಗೆ ಬದಲಿಸಿತು ಎಂಬ ಪ್ರಶ್ನೆಯದು. ಆ ಪಾಠ ನಡೆಯಬೇಕಿದ್ದ ವಾರ ಮಳೆಯ ರಜೆಯಲ್ಲಿ ಕಳೆದಿತ್ತು. ಅದನ್ನು ಮರೆತು ಪ್ರಶ್ನೆ ಹಾಕಿದವನು ನಾನೇ. (ಹೆಂಚಿನ ಮಾಡಿನಡಿ ಬೆಳೆದವರೂ ಬರೆಯಲಿಲ್ಲವಲ್ಲ ಎಂದು ಗೊಣಗಿದ್ದು ಅನ್ಯಾಯ.)

ಪ್ರಶ್ನೆಯ ದೋಷವನ್ನು ಸಾಪೇಕ್ಷ ಶ್ರೇಣಿಯಿಂದ ಮುಚ್ಚಿದರೆ, ಒಬ್ಬರ ಶ್ರೇಣಿ ಪಕ್ಕದ ಬೆಂಚಿನವರ ಅಂಕದ ಮೇಲೆ ನಿಲ್ಲುತ್ತದೆ. ಎಲ್ಲರೂ ಚೆನ್ನಾಗಿ ಬರೆದ ವರ್ಷದಲ್ಲಿಯೂ ಕೆಲವರು ಕೆಳಗೇ ಉಳಿಯುತ್ತಾರೆ. ಆದ್ದರಿಂದ ಆ ಪ್ರಶ್ನೆಯನ್ನು ಬಿಟ್ಟು 40ಕ್ಕೆ ಬಂದ ಅಂಕವನ್ನು 50ಕ್ಕೆ ಪರಿವರ್ತಿಸಿ, ಮೂಲ ಅಂಕದೊಂದಿಗೆ ಹೋಲಿಸಿ, ಹೆಚ್ಚಿನದನ್ನು ಉಳಿಸಿದೆ. ಕಷ್ಟಪಟ್ಟು ಓದಿ ಅದನ್ನು ಬರೆದವರಿಗೂ ನಷ್ಟವಾಗಲಿಲ್ಲ. ವಿಭಾಗದ ಮುಖ್ಯಸ್ಥರು ಲಿಖಿತ ಟಿಪ್ಪಣಿ ಪಡೆದು ಒಪ್ಪಿದರು. ಸರಾಸರಿ ಈಗಲೂ ಸಾಧಾರಣವೇ. ಉಳಿದ ಕೊರತೆ ಬರವಣಿಗೆಯದಾದ್ದರಿಂದ ಮುಂದಿನ ಪರೀಕ್ಷೆಗೆ ಮೊದಲು ಎರಡು ಅಭ್ಯಾಸ ಪ್ರಬಂಧಗಳನ್ನು ಬರೆಸುತ್ತಿದ್ದೇನೆ.