ಹಳೆಯ ಓಮ್ನಿ ವ್ಯಾನಿನ ಹಿಂದಿನ ಡ್ರಮ್ ಬ್ರೇಕ್ ಜಾಮ್ ಆಗಿದೆ, ಬಿಡಿಸುವುದು ಹೇಗೆ?

ಪ್ರಶ್ನೆ (ಸೇಡಂ)

ಎಲ್ಲರಿಗೂ ಶರಣಾರ್ಥಿ. ನಮ್ಮ ಮನೆಯಲ್ಲಿ ತಂದೆಯವರ ಕಾಲದ ಮಾರುತಿ ಓಮ್ನಿ ವ್ಯಾನ್ ಇದೆ. ತರಕಾರಿಯನ್ನು ಕಲಬುರಗಿ ಮಾರುಕಟ್ಟೆಗೆ ಸಾಗಿಸಲು ಅದನ್ನೇ ಬಳಸುತ್ತಿದ್ದೆವು. ಈ ಸಲದ ಮಳೆಗಾಲವಿಡೀ ಅದು ಹೊಲದ ಅಂಚಿನ ಕರಿ ಮಣ್ಣಿನ ಮೇಲೆ, ಹ್ಯಾಂಡ್ ಬ್ರೇಕ್ ಎಳೆದ ಸ್ಥಿತಿಯಲ್ಲಿಯೇ ನಿಂತಿತ್ತು. ಈಗ ಎಂಜಿನ್ ಸರಿಯಾಗಿ ಚಾಲೂ ಆಗುತ್ತದೆ, ಆದರೆ ಗೇರ್ ಹಾಕಿ ಕ್ಲಚ್ ಬಿಟ್ಟೊಡನೆ ಗಾಡಿ ಜಗ್ಗದೆ ಎಂಜಿನ್ ಬಂದ್ ಆಗುತ್ತದೆ. ಹ್ಯಾಂಡ್ ಬ್ರೇಕ್ ಲಿವರ್ ಪೂರ್ತಿ ಕೆಳಗಿಳಿಯುತ್ತದೆಯಾದರೂ ಹಿಂದಿನ ಗಾಲಿಗಳು ಬಿಡುತ್ತಿಲ್ಲ. ಎಡಗಡೆಯ ಗಾಲಿ ಬಿಚ್ಚಿ ನೋಡಿದೆ, ಡ್ರಮ್ ಸ್ವಲ್ಪವೂ ಅಲುಗುವುದಿಲ್ಲ. ಟ್ರ್ಯಾಕ್ಟರ್‌ಗೆ ಕಟ್ಟಿ ಎಳೆದರೆ ಬಿಡುತ್ತದೆ ಎಂದು ಊರಿನವರು ಹೇಳುತ್ತಾರೆ. ಹಾಗೆ ಮಾಡಬಹುದೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ (ಕಲಬುರಗಿ)

ಶರಣು ಸರ್. ಟ್ರ್ಯಾಕ್ಟರ್ ವಿಚಾರವನ್ನು ದಯವಿಟ್ಟು ಬಿಟ್ಟುಬಿಡಿ. ಡ್ರಮ್ ಬೀಡು ಕಬ್ಬಿಣದ್ದು. ತೇವದಲ್ಲಿ ನಿಂತಾಗ ಅದರ ಒಳಮೈಗೆ ತುಕ್ಕು ಬಂದು, ಹ್ಯಾಂಡ್ ಬ್ರೇಕ್ ಒತ್ತಿ ಹಿಡಿದಿದ್ದ ಲೈನಿಂಗ್ (ಡ್ರಮ್ಮಿಗೆ ಒತ್ತುವ ಕಮಾನಿನಾಕಾರದ ಶೂಗಳ ಮೇಲಿನ ಉಜ್ಜುವ ಪದರ) ಅದಕ್ಕೆ ಕಚ್ಚಿಕೊಳ್ಳುತ್ತದೆ. ಜೋರಾಗಿ ಎಳೆದರೆ ಗಾಲಿ ತಿರುಗಬಹುದು, ಆದರೆ ಲೈನಿಂಗ್ ಶೂವಿನಿಂದಲೇ ಕಿತ್ತು ಡ್ರಮ್ಮಿನೊಳಗೆ ಬಿದ್ದಿರಬಹುದು. ಅಂಥ ಗಾಡಿ ಚಲಿಸುತ್ತದೆಯೇ ಹೊರತು ನಿಲ್ಲುವ ಭರವಸೆ ಇರುವುದಿಲ್ಲ.

ಓಮ್ನಿಯಲ್ಲಿ ಎಂಜಿನ್ನಿನ ಶಕ್ತಿ ಹೋಗುವುದು ಹಿಂದಿನ ಗಾಲಿಗಳಿಗೆ, ಹ್ಯಾಂಡ್ ಬ್ರೇಕ್ ಹಿಡಿಯುವುದೂ ಅವುಗಳನ್ನೇ. ಆದ್ದರಿಂದ ಹಿಂಭಾಗವನ್ನು ಜಾಕ್‌ನಿಂದ ಎತ್ತಿದ ಮೇಲೆ ಗೇರ್ ಹಾಕಿಟ್ಟರೂ ಗಾಡಿ ಹಿಡಿದು ನಿಲ್ಲುವುದಿಲ್ಲ. ಗಟ್ಟಿ ನೆಲದ ಮೇಲೆ, ಮುಂದಿನ ಗಾಲಿಗಳಿಗೆ ಎರಡೂ ಬದಿಯಿಂದ ಕಲ್ಲು ಕೊಟ್ಟು, ಹಿಂದಿನ ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಟ್ಟ ನಂತರವೇ ಕೈ ಹಾಕಿ. ಕರಿ ಮಣ್ಣಿನಲ್ಲಿ ಜಾಕ್ ಕುಸಿಯುವುದು ನಮ್ಮ ಭಾಗದವರಿಗೆ ಹೊಸತಲ್ಲ. ಅಗಲವಾದ ಶಹಾಬಾದ್ ಪರಸಿಯನ್ನು ಬರೀ ಮಣ್ಣಿನ ಮೇಲೆ ಹಾಸಿಕೊಂಡರೂ ಅದು ಭಾರಕ್ಕೆ ಒಡೆಯಬಹುದು, ದಪ್ಪ ಹಲಗೆಯೇ ಒಳ್ಳೆಯದು.

ನಂತರ ಗಾಲಿ ಹಿಡಿದಿರುವುದಕ್ಕೆ ಕಾರಣವೇನೆಂದು ನೋಡಬೇಕು. ಡ್ರಮ್ಮಿನ ಹಿಂಬದಿಯನ್ನು ಮುಚ್ಚುವ ಬ್ಯಾಕ್ ಪ್ಲೇಟಿನ ಹಿಂದೆ ಹ್ಯಾಂಡ್ ಬ್ರೇಕ್ ಕೇಬಲ್ ಇನ್ನೂ ಬಿಗಿಯಾಗಿದ್ದರೆ, ಲಿವರ್ ಇಳಿದರೂ ಒಳಗಿನ ತಂತಿ ಕವಚದಲ್ಲಿ ತುಕ್ಕು ಹಿಡಿದು ಹಿಂದಕ್ಕೆ ಬಂದಿಲ್ಲವೆಂದು ಅರ್ಥ. ಅಡ್ಜಸ್ಟಿಂಗ್ ನಟ್ ಸಡಿಲಿಸಿ, ತಂತಿಯನ್ನು ಕೈಯಿಂದ ಹಿಂದಕ್ಕೆ ತಳ್ಳಿ ನೋಡಿ. ಕೇಬಲ್ ಸಡಿಲವಿದ್ದರೆ ಬ್ಲೀಡರ್ ನಿಪ್ಪಲ್ಲನ್ನು (ಬ್ರೇಕ್ ಆಯಿಲ್ ಮತ್ತು ಗಾಳಿ ಹೊರಬಿಡುವ ಚಿಕ್ಕ ಸ್ಕ್ರೂ) ಸ್ವಲ್ಪ ತಿರುಗಿಸಿ. ಆಗ ಬ್ರೇಕ್ ಆಯಿಲ್ ಚಿಮ್ಮಿ ಗಾಲಿ ಬಿಟ್ಟರೆ, ಪೈಪಿನಲ್ಲಿ ಒತ್ತಡ ಸಿಕ್ಕಿಕೊಂಡಿತ್ತು. ಹಳೆಯ ರಬ್ಬರ್ ಹೋಸ್ ಒಳಗೆ ಊದಿಕೊಂಡು ಆಯಿಲ್ ಹಿಂದಿರುಗದಂತೆ ತಡೆದಿರುವ ಸಾಧ್ಯತೆ ಹೆಚ್ಚು. ಎರಡೂ ಅಲ್ಲವಾದರೆ ಶೂ ಡ್ರಮ್ಮಿಗೆ ಕಚ್ಚಿದೆ, ಅಥವಾ ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ಪಿಸ್ಟನ್ ತುಕ್ಕಿನಿಂದ ಹೊರಗೇ ನಿಂತಿದೆ. ನಿಮ್ಮ ವಿವರಣೆ ನೋಡಿದರೆ ಶೂ ಕಚ್ಚಿರುವಂತೆಯೇ ತೋರುತ್ತದೆ.

ಡ್ರಮ್ಮಿನ ಮುಖದಲ್ಲಿ ಗಾಲಿಯ ಸ್ಟಡ್‌ಗಳಲ್ಲದೆ ಚೂಡಿ (ಥ್ರೆಡ್) ಇರುವ ಎರಡು ರಂಧ್ರಗಳಿವೆ. ಅವು ಡ್ರಮ್ ಕಳಚಲೆಂದೇ ಇರುವಂಥವು, ಮಣ್ಣು ತುಂಬಿ ಕಾಣದಿರಬಹುದು. ತಂತಿಯಿಂದ ಕೆದಕಿ ಸ್ವಚ್ಛ ಮಾಡಿ, 8 ಮಿ.ಮೀ. ಬೋಲ್ಟ್‌ಗಳನ್ನು ಹಾಕಿ, ಒಂದನ್ನು ಅರ್ಧ ಸುತ್ತು, ಇನ್ನೊಂದನ್ನು ಅರ್ಧ ಸುತ್ತು ಎಂಬಂತೆ ಬಿಗಿಯುತ್ತ ಬನ್ನಿ. ಬೋಲ್ಟ್ ಬಿಗಿಯಾದಾಗ ನಿಲ್ಲಿಸಿ, ಸ್ಟಡ್‌ಗಳ ನಡುವಿನ ದಪ್ಪ ಭಾಗಕ್ಕೆ ಮರದ ತುಂಡಿಟ್ಟು ಸುತ್ತಿಗೆಯಿಂದ ತಟ್ಟಿ. ಅಂಚಿಗೆ ಹೊಡೆದರೆ ಬೀಡು ಸೀಳುತ್ತದೆ. ತುಕ್ಕು ಬಿಡಿಸುವ ಎಣ್ಣೆಯನ್ನು ನಡುವಿನ ಹಬ್‌ನ (ಡ್ರಮ್ ಕೂರುವ ನಡುಭಾಗ) ಸುತ್ತ ಮಾತ್ರ ಕೆಲವು ಹನಿ ಬಿಟ್ಟು, ಒಂದು ರಾತ್ರಿ ಹಾಗೆಯೇ ಇರಲಿ. ಡ್ರಮ್ ಸ್ವಲ್ಪ ಮುಂದೆ ಬಂದು ಸ್ಪ್ರಿಂಗಿನಂತೆ ಹಿಂದಕ್ಕೆ ಎಳೆದರೆ, ಸವೆದ ಡ್ರಮ್ಮಿನ ಅಂಚಿನ ಏಣು ಶೂಗಳನ್ನು ಹಿಡಿದಿದೆ. ಆಗ ಬೋಲ್ಟ್ ಬಿಗಿಯುವುದನ್ನು ಬಿಟ್ಟು, ಬ್ಯಾಕ್ ಪ್ಲೇಟಿನ ರಬ್ಬರ್ ಮುಚ್ಚಳ ತೆಗೆದು, ಅಲ್ಲಿಂದ ಸ್ಕ್ರೂಡ್ರೈವರ್ ಹಾಕಿ ಶೂವಿನ ಹಿಡಿತ ಸಡಿಲಿಸಬೇಕು.

ಉತ್ತರ (ಬೀದರ್)

ಮೇಲಿನವರ ಮಾತು ಸರಿಯಾಗಿದೆ, ಎರಡು ವಿಷಯ ಸೇರಿಸುತ್ತೇನೆ. ಡ್ರಮ್ಮಿಗೆ ಗ್ಯಾಸ್ ಬೆಂಕಿ ಹಿಡಿಯುವ ಪದ್ಧತಿ ಹಲವು ಕಡೆ ಇದೆ. ಓಮ್ನಿಗೆ ಅದು ಬೇಡವೇ ಬೇಡ. ಆಕ್ಸಲ್ ಆಯಿಲ್ ಸೀಲ್ ಮತ್ತು ಸಿಲಿಂಡರಿನ ರಬ್ಬರ್ ಸುಡುತ್ತವೆ, ಎಲ್‌ಪಿಜಿ ಕಿಟ್ ಇರುವ ವ್ಯಾನಾದರೆ ಜೀವಕ್ಕೇ ಅಪಾಯ. ಎರಡನೆಯದಾಗಿ, ಹಳೆಯ ಲೈನಿಂಗ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಸ್, ಉಸಿರಿನೊಳಗೆ ಹೋದರೆ ಹಾನಿ) ಇರುವ ಸಾಧ್ಯತೆಯುಂಟು. ಡ್ರಮ್ ತೆಗೆದೊಡನೆ ಬಾಯಿಯಿಂದಾಗಲಿ ಏರ್ ಪೈಪಿನಿಂದಾಗಲಿ ಧೂಳು ಊದಬೇಡಿ. ಮುಖಕ್ಕೆ ಬಟ್ಟೆ ಕಟ್ಟಿದರೆ ಸಾಲದು, ಧೂಳನ್ನೇ ನೀರಿನಿಂದ ತೋಯಿಸಿ ಒದ್ದೆ ಬಟ್ಟೆಯಿಂದ ಒರೆಸಿ. ಗ್ಯಾರೇಜಿನ ಚಿಕ್ಕ ಹುಡುಗರ ಕೈಯಲ್ಲಿ ಈ ಕೆಲಸ ಮಾಡಿಸುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಪ್ರಶ್ನೆ ಕೇಳಿದವರು (ಸೇಡಂ)

ಇಬ್ಬರಿಗೂ ಧನ್ಯವಾದಗಳು. ಬೋಲ್ಟ್ ಹಾಕಿ ತಟ್ಟಿದ ಮೇಲೆ ಎಡಗಡೆಯ ಡ್ರಮ್ ಬಂದಿದೆ. ಒಳಗೆ ಕರಿ ಮಣ್ಣು ಮೆತ್ತಿಕೊಂಡಿದೆ, ಲೈನಿಂಗ್ ಇನ್ನೂ ದಪ್ಪವಾಗಿದೆ, ಆದರೆ ವೀಲ್ ಸಿಲಿಂಡರಿನ ರಬ್ಬರ್ ಟೋಪಿಯ ಒಳಗೆ ತೇವವಿದೆ. ಶೂಗಳನ್ನು ಮತ್ತೆ ಬಳಸಬಹುದೇ?

ಉತ್ತರ (ಯಾದಗಿರಿ)

ಆ ತೇವ ಬ್ರೇಕ್ ಆಯಿಲ್ ಆಗಿದ್ದರೆ ಸಿಲಿಂಡರ್ ಬದಲಿಸಲೇಬೇಕು. ಆಯಿಲ್ ಲೈನಿಂಗಿಗೆ ತಾಗಿದ್ದರೆ ಅದು ಎಷ್ಟೇ ದಪ್ಪವಿರಲಿ, ಎರಡೂ ಬದಿಯ ಶೂಗಳನ್ನು ಒಟ್ಟಿಗೆ ಹೊಸದಾಗಿ ಹಾಕಿಸಿ. ಒಂದು ಬದಿ ಮಾತ್ರ ಹೊಸದಾದರೆ ಬ್ರೇಕ್ ಒತ್ತಿದಾಗ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಬಲಗಡೆಯ ಡ್ರಮ್ ತೆಗೆದರೂ ಅದರ ಶೂ ಮತ್ತು ಸ್ಪ್ರಿಂಗ್‌ಗಳನ್ನು ಈಗಲೇ ಬಿಚ್ಚಬೇಡಿ. ಎಡಗಡೆಯದನ್ನು ಜೋಡಿಸುವಾಗ ಯಾವ ಸ್ಪ್ರಿಂಗ್ ಯಾವ ತೂತಿಗೆ ಎಂಬುದನ್ನು ಅದನ್ನು ನೋಡಿಯೇ ತಿಳಿಯಬಹುದು, ಎರಡೂ ಕಡೆ ಎಡ-ಬಲ ಅದಲುಬದಲಾಗಿರುತ್ತದೆ ಎಂಬುದಷ್ಟೇ ನೆನಪಿರಲಿ.

ಡ್ರಮ್ಮಿನ ತುಕ್ಕನ್ನು ಪಾಲಿಶ್ ಪೇಪರಿನಿಂದ ಉಜ್ಜಿದರೆ ಸಾಕು. ಆಳವಾದ ಗೀರುಗಳಿದ್ದರೆ ಮಾತ್ರ ಲೇತ್‌ಗೆ ಕೊಡಿ. ಸಿಲಿಂಡರಿನ ರಬ್ಬರಿಗೆ ಡೀಸೆಲ್, ಸೀಮೆಎಣ್ಣೆ, ಗ್ರೀಸ್ ಯಾವುದೂ ತಾಗಬಾರದು, ಅವು ರಬ್ಬರನ್ನು ಊದಿಸುತ್ತವೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವುದರಿಂದ ಒಡೆದಿಟ್ಟ ಹಳೆಯ ಡಬ್ಬಿಯನ್ನು ಬಳಸದೆ ಹೊಸದನ್ನು ತಂದು, ಗಾಳಿ ಪೂರ್ತಿ ಹೋಗುವವರೆಗೆ ಬ್ಲೀಡಿಂಗ್ ಮಾಡಿಸಿ. ಮೊದಲು ಖಾಲಿ ಗಾಡಿಯನ್ನು ಹೊಲದ ದಾರಿಯಲ್ಲಿ ನಿಧಾನವಾಗಿ ಓಡಿಸಿ, ಹಲವು ಸಲ ಬ್ರೇಕ್ ಒತ್ತಿ, ಇಳಿದು ಎರಡೂ ಡ್ರಮ್ಮುಗಳ ಹತ್ತಿರ ಕೈ ಹಿಡಿದು ನೋಡಿ. ಒಂದು ಬದಿ ಹೆಚ್ಚು ಬಿಸಿಯಾಗಿದ್ದರೆ ಅಲ್ಲಿ ಶೂ ಇನ್ನೂ ಉಜ್ಜುತ್ತಿದೆ, ಮತ್ತೆ ಬಿಚ್ಚಬೇಕು. ಮುಂದಿನ ಮಳೆಗಾಲದಲ್ಲಿ ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಗೇರ್ ಹಾಕಿ, ಗಾಲಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟೇ ಇಡಿ.